ನವಿಲಿನ ಕೂಗು

25-11-98, ಬುಧವಾರ

ಇಂದು ಷಷ್ಠಿ, ಉಪವಾಸ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹುತ್ತಕ್ಕೆ ಹಾಲೆರೆದು ಬಂದೆ. ಸೊಂಟ ಬಿದ್ದುಹೋಗಿದೆ. ಆದರೂ ನಿದ್ದೆಯಿಲ್ಲ. ಭಾನುವಾರ ಅಮೃತೂರಿನಲ್ಲಿ ಬೀಗಿತ್ತಿ ಆಡಿದ ಮಾತು ಕಿವಿಯಲ್ಲೇ ಇದೆ.

ಮೊಮ್ಮಗಳು ಸುಮಾಳಿಗೆ ಐದು ತುಂಬಿತು. ಕಿವಿ ಕೇಳದು, ಮಾತು ಬಾರದು. ಖುಷಿಯಾದರೆ ಕಿರುಚುತ್ತಾಳೆ, ಅಷ್ಟೆ. ತುಮಕೂರಲ್ಲಿ ನನ್ನ ಹತ್ತಿರ ಬಿಡಿ, ಕಿವುಡು ಮಕ್ಕಳ ಸ್ಕೂಲಿಗೆ ಸೇರಿಸುತ್ತೇನೆ ಎಂದೆ.

"ಇಂಗೆ ಕೇಕೆ ಹಾಕೋ ಮಗೀನ ಪ್ಯಾಟೆಗೆ ಕಳ್ಸಿ ಮಾನ ಕಳ್ಕಳಾನಾ? ಮನೇಲೇ ಬಿದ್ದಿರ್ಲಿ ಬುಡಮ್ಮ" ಅಂದುಬಿಟ್ಟರು. ಮಗಳು ಪ್ರೇಮಲತಾ ಸುಮಾಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಗುಬ್ಬಿಯಿಂದ ತಮ್ಮ ಅನಂತರಾಜು ಬಂದ. ಕನ್ನಡ ಮೇಷ್ಟ್ರು. ಅವನ ಮುಂದೆ ಹೇಳಿಕೊಂಡೆ.

"ಕೇಕೆ ಅನ್ನೋದು ಬೈಗುಳ ಅಲ್ಲ ಕಣಕ್ಕ. ಸಂಸ್ಕೃತದಲ್ಲಿ ನವಿಲು ಕೂಗಿದ್ರೆ ಕೇಕಾ ಅಂತಾರೆ. ಅದೇ ನಮ್ಮ ಬಾಯಲ್ಲಿ ಕೇಕೆ ಆಯ್ತು. ಆಮೇಲೆ ಮನುಷ್ಯರು ಅರಚಿದ್ರೂ ಹಂಗೇ ಅಂದ್ರು."

"ಹಂಗಾದ್ರೆ ಹೋಗಿ ಬೀಗಿತ್ತಿಗೆ ಪಾಠ ಮಾಡ್ಬಾ."

"ಆಯಮ್ಮನ ಮುಂದೆ ನಾನೇ ಕೇಕೆ ಹಾಕ್ಬೇಕಾಗುತ್ತೆ!" ಎಂದು ನಕ್ಕ. ಆದರೂ ಇನ್ನೊಂದು ಸಲ ಕೇಳಿ ನೋಡುತ್ತೇನೆ ಎಂದು ಸಂಜೆ ಬಸ್ಸಿಗೆ ಅಮೃತೂರಿಗೆ ಹೋದ. ಇನ್ನೂ ಸುದ್ದಿಯಿಲ್ಲ.

ಸುಬ್ರಹ್ಮಣ್ಯಸ್ವಾಮಿ, ನವಿಲು ನಿನ್ನ ವಾಹನ. ಅದು ಕೂಗಿದರೆ ನಿನಗೆ ಮಾನ ಹೋಗುತ್ತದೆಯೇ? ನಮ್ಮ ಮಗುವಿನದೂ ಅದೇ ಕೂಗು. ನನಗೆ ಇನ್ನು ಓಡಾಡುವ ಶಕ್ತಿಯಿಲ್ಲ, ಕಣ್ಣು ಎಳೆಯುತ್ತಿದೆ. ಅಮೃತೂರಿನವರ ಉತ್ತರ ನೀನೇ ತಂದುಕೊಡಪ್ಪ. ಹೂಂ ಅನ್ನಿಸಿಕೊಂಡೇ ಬಾ.