ಎಡಗಡೆಯಿಂದ ಬಂದ ಕೂಗು

ಚಿಕ್ಕಬಳ್ಳಾಪುರ
೮ ಅಕ್ಟೋಬರ್ ೧೯೬೧

ಪ್ರೀತಿಯ ಕೋನಪ್ಪನಿಗೆ ನಿನ್ನ ರವಣ ಮಾಡುವ ನಮಸ್ಕಾರ.

ನೀನೂ ಮುನಿಶಾಮಮ್ಮನೂ ಮಗಳೂ ಕ್ಷೇಮವೆಂದು ಅಕ್ಕನಿಂದ ತಿಳಿಯಿತು. ನಾನು ಕಲ್ಕತ್ತೆಯಿಂದ ಬಂದು ಇಪ್ಪತ್ತು ದಿನವಾಯಿತು. ಇಲ್ಲಿ ಶ್ಯಾಮಲಕ್ಕನ ಮನೆಯಲ್ಲಿದ್ದೇನೆ. ಶಿಡ್ಲಘಟ್ಟದ ಪುಟ್ಟ ರೈಲು ದಿನವೂ ಇವರ ಹಿತ್ತಲ ಹಿಂದೆಯೇ ಕೂಗಿಕೊಂಡು ಹೋಗುತ್ತದೆ. ಎರಡು ಸಲ ಟಿಕೆಟ್ಟು ತೆಗೆದೆ, ಹತ್ತಲಿಲ್ಲ. ಇಷ್ಟು ಹತ್ತಿರದಲ್ಲಿದ್ದೂ ಕಾಗದ ಬರೆಯುತ್ತಿರುವುದಕ್ಕೆ, ಅದನ್ನೂ ಇಷ್ಟು ನಿಧಾನವಾಗಿ ಬರೆಯುತ್ತಿರುವುದಕ್ಕೆ ಬೈಯಬೇಡ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ.

ಹೋದ ವಾರ ಸಂತೆಯಲ್ಲಿ ಸಿಕ್ಕಿದ ಅಕ್ಕನನ್ನು ನೀನು ಕೇಳಿದೆಯಂತೆ: "ರವಣ ಆಟ ಬಿಟ್ಬುಟ್ನಂತಲ್ಲಮ್ಮಾ, ಯಾಕಂತೆ? ಕಾಲೇನಾದ್ರೂ ಮುರ್ಕಂಡ್ನಾ?" ಕಾಲು ಗಟ್ಟಿಯಾಗಿದೆ ಕಣೋ. ವಯಸ್ಸೂ ಇನ್ನೂ ಮೂವತ್ತೇ. ಯಾಕೆ ಬಿಟ್ಟೆ ಎಂಬುದನ್ನು ನಿನಗೊಬ್ಬನಿಗೆ ಹೇಳಬೇಕು.

ಮಿಲ್ಲಿನ ಫುಟ್‌ಬಾಲ್ ತಂಡಕ್ಕೆ ಸೇರಿ ಎರಡು ವರ್ಷವಾಗಿದ್ದಾಗ, ಬೆಂಗಳೂರಿನ ಒಂದು ಪಂದ್ಯದಲ್ಲಿ ಇದು ಶುರುವಾಯಿತು. ಮೂರು ಜನ ನನ್ನನ್ನು ಸುತ್ತಿಕೊಂಡಿದ್ದರು. ಎಡಗಡೆಯಿಂದ ಯಾರೋ "ರವಣಾ, ಈಕಡೆ!" ಎಂದು ಕೂಗಿದರು. ತಿರುಗಿ ನೋಡದೆ ಚೆಂಡನ್ನು ಆ ಕಡೆ ತಳ್ಳಿದೆ. ಅಲ್ಲಿ ಯಾರೂ ಇರಲಿಲ್ಲ. ಆದರೂ ಚೆಂಡು ಉರುಳಿ ಸರಿಯಾಗಿ ನಮ್ಮವನ ಕಾಲಿಗೇ ಹೋಗಿ ಬಿತ್ತು, ಗೋಲೂ ಆಯಿತು. ಬೆಂಗಳೂರಿನಲ್ಲಿ ನನ್ನನ್ನು ರವಣ ಎಂದು ಕರೆಯುವವರೇ ಇರಲಿಲ್ಲ, ಎಲ್ಲರಿಗೂ ನಾನು ವೆಂಕಟ್. ಕೂಗಿದ ದನಿ ನಿನ್ನದಾಗಿತ್ತು. ಶಾಲೆಯ ಮೈದಾನದ ಎಡ ಅಂಚಿನಿಂದ ನೀನು ಎಳೆದು ಕೂಗುತ್ತಿದ್ದೆಯಲ್ಲ, ಹಾಗೇ.

ಮೊದಲು ಭ್ರಮೆ ಅಂದುಕೊಂಡೆ. ಆಮೇಲೆ ಅದಕ್ಕಾಗಿ ಕಾಯುವುದನ್ನು ಕಲಿತೆ. ರಾಜ್ಯದ ತಂಡಕ್ಕೆ ತೆಗೆದುಕೊಂಡ ವರ್ಷ ನಾಲ್ಕು ಸಲ ಕೇಳಿಸಿತು. ಕಲ್ಕತ್ತೆಯ ಕ್ಲಬ್ಬಿನವರು ಕರೆಸಿಕೊಂಡ ಮೇಲೆ ಇನ್ನೂ ಹೆಚ್ಚಾಯಿತು. ಇವನಿಗೆ ಬೆನ್ನಲ್ಲೂ ಕಣ್ಣಿದೆ ಎಂದು ಪತ್ರಿಕೆಯವರು ಬರೆದರು. ದೇಶದ ಅಂಗಿ ತೊಟ್ಟು ಮೊದಲ ಸಲ ಕೊಲಂಬೊಗೆ ಹೋದಾಗ, ಅಷ್ಟು ಜನರ ಗದ್ದಲದ ನಡುವೆಯೂ ಆ ಒಂದು ಕೂಗು ಕಿವಿಯ ಪಕ್ಕದಲ್ಲೇ ಕೇಳಿಸಿತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಹುಚ್ಚನೆಂದು ಮನೆಗೆ ಕಳಿಸುತ್ತಿದ್ದರು.

ರಂಗೂನಿನ ಸಂಗತಿ ಮಾತ್ರ ಬೇರೆ. ಎರಡು ವರ್ಷದ ಹಿಂದೆ, ಮಧ್ಯಾಹ್ನದ ಪಂದ್ಯ. ಬೆಳಿಗ್ಗೆಯಿಡೀ ಮಳೆ ಹೊಯ್ದು ಮೈದಾನ ಜೇಡಿಮಣ್ಣಿನ ಗದ್ದೆಯಂತಾಗಿತ್ತು. ಕೊನೆಯಲ್ಲಿ ಕೂಗು ಬಂತು. ನಾನು ಖಾಲಿ ಜಾಗಕ್ಕೆ ಕೊಟ್ಟ ಚೆಂಡು ಅಲ್ಲಿಂದ ಯಾರೋ ಒದ್ದಹಾಗೆ ತಿರುಗಿ ಗೋಲಿನೊಳಗೆ ನುಗ್ಗಿತು. ಗೋಲು ನನ್ನ ಹೆಸರಿಗೆ ಬಂತು. "ಎಂಥಾ ತಿರುವು ಕೊಟ್ಟೆಯಪ್ಪಾ!" ಎಂದು ನಮ್ಮವರು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು.

ಆಟ ಮುಗಿದ ಮೇಲೆ ಅವರ ಗೋಲ್ ಕೀಪರ್ ನನ್ನ ಹತ್ತಿರ ಬಂದ. ಜೊತೆಯಲ್ಲಿ ಮೈದಾನ ಕಾಯುವ ಒಬ್ಬ ಮುದುಕನಿದ್ದ, ಶ್ರೀಕಾಕುಳದ ಕಡೆಯಿಂದ ಹೋಗಿ ಅಲ್ಲೇ ನೆಲೆಸಿದವನು. ನಮ್ಮ ಸೀಮೆಯಲ್ಲಿ ಬೆಳೆದ ನನಗೆ ತೆಲುಗು ಬರುತ್ತದಲ್ಲ. ಗೋಲ್ ಕೀಪರ್ ಕೇಳಿದ್ದನ್ನು ಮುದುಕ ತೆಲುಗಿನಲ್ಲಿ ಹೇಳಿದ: "ಬೂಟ್ಲು ಲೇಕುಂಡಾ ಆಡಿನೋಡು ಎಕ್ಕಡ ಅಂಟುನ್ನಾಡು ಬಾಬು." ಬೂಟಿಲ್ಲದೆ ಆಡಿದವನು ಎಲ್ಲಿ ಎಂದು ಅವನ ಪ್ರಶ್ನೆ.

"ಬೂಟಿಲ್ಲದೆ ಈಗ ಯಾರನ್ನೂ ಮೈದಾನಕ್ಕೇ ಬಿಡುವುದಿಲ್ಲ," ಎಂದೆ.

ಗೋಲ್ ಕೀಪರ್ ತಲೆಯಾಡಿಸಿ ನನ್ನ ರಟ್ಟೆ ಹಿಡಿದು ಎಡಗಡೆಯ ಗೆರೆಯ ಬಳಿಗೆ ಕರೆದೊಯ್ದ. ಜೇಡಿಮಣ್ಣಿನಲ್ಲಿ ಬರಿಗಾಲಿನ ಹೆಜ್ಜೆಗಳು ನಡುಗೆರೆಯಿಂದ ಹೊರಟು ಗೋಲಿನ ಹತ್ತಿರದವರೆಗೂ ಹೋಗಿದ್ದವು. ಅಲ್ಲಿಂದಾಚೆ ಇರಲಿಲ್ಲ. ವಾಪಸು ಬಂದ ಗುರುತೂ ಇಲ್ಲ. ನಾನು ಬಗ್ಗಿ ನೋಡಿದೆ. ಎಡಗಾಲಿನ ಹೆಜ್ಜೆಗಳಲ್ಲೆಲ್ಲ ನಾಲ್ಕೇ ಬೆರಳು. ಹಿಪ್ಪುನೇರಳೆ ಕಡಿಯುವಾಗ ಮಚ್ಚು ಬಿದ್ದು ನಿನ್ನ ಕಿರುಬೆರಳು ಹೋದ ದಿನ ನಿನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದವನು ನಾನು ಕೋನಪ್ಪಾ. ಆ ಪಾದ ನನಗೆ ಗೊತ್ತಿಲ್ಲವೆ?

ಈ ಮೇ ತಿಂಗಳಲ್ಲಿ ನಿಮ್ಮ ಮನೆಗೆ ಬಂದಿದ್ದೆನಲ್ಲ, ನೀನು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆ. ಆಗ ಮುನಿಶಾಮಮ್ಮ ಒಂದು ಮಾತು ಹೇಳಿ, ನಿನಗೆ ತಿಳಿಸಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಆ ಆಣೆಯನ್ನು ಈಗ ಮುರಿಯುತ್ತಿದ್ದೇನೆ, ಅವಳ ಮೇಲೆ ಸಿಟ್ಟಾಗಬೇಡ.

"ನೀನು ದೂರದೇಶಕ್ಕೆ ಆಡಕ್ ಹೋದ್ರೆ ನಮಗೆ ಪೇಪರ್ ಬೇಕಾಗಿಲ್ಲ ಕಣಣ್ಣಾ," ಎಂದಳು. "ಇವ್ನು ನೂಲು ತೆಗೀತಾ ಕೂತಿರ್ತಾನೆ. ಬಿಸಿನೀರಲ್ಲಿ ಕೈ ಇಟ್ಕಂಡಂಗೇ ಕಲ್ಲಾಗ್ತಾನೆ. ಆಮೇಲೆ ಎದ್ದು ಹೊರಕ್ಕೋಗ್ತಾನೆ, ಕೂಗಿದ್ರೆ ಕೇಳಲ್ಲ. ಹಿಂದೇನೇ ಓಡ್ತೀನಿ, ಬೀದೀಲಿ ಯಾರೂ ಇರಲ್ಲ. ಒಂದ್ ಗಂಟೆ ಬಿಟ್ಟು ಬಾಗ್ಲಲ್ಲಿ ಬಂದು ನಿಂತಿರ್ತಾನೆ. ಏನೂ ಗ್ಯಾನ ಇರಲ್ಲ."

"ಬಿಸಿಲಿಗೆ ತಲೆ ಸುತ್ತಿರಬಹುದು," ಎಂದೆ.

"ಬಿಸ್ಲಿಗೆ ಕಾಲ್ತುಂಬ ಕೆಸರಾಗ್ತದಾ? ಹೋದೋದ್ ವರ್ಷ ನಾನೇ ತೊಳ್ದಿದೀನಿ. ನಮ್ಮ ಕೆಮ್ಮಣ್ಣಲ್ಲ ಅದು. ಬೂದಿ ಬಣ್ಣದ್ದು, ಜಿಗಟು. ಊರಲ್ಲಿ ಒಂದ್ ಹನಿ ಮಳೆ ಇರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದಳು: "ಅದಾದ್ಮೇಲೆ ಎಂಟು ದಿನ ಜ್ವರ. ಮೂರು ಸಲ ಆಯ್ತಣ್ಣಾ. ಒಂದೊಂದ್ ಸಲಾನೂ ಒಂದಿಷ್ಟು ಕಮ್ಮಿಯಾಗಿ ವಾಪಸ್ ಬರ್ತಾನೆ. ನೀನಿನ್ನು ಹೋಗಬ್ಯಾಡ."

ನೀನು ಮಾರ್ಕೆಟ್ಟಿನಿಂದ ಬಂದೆ. ಕಂಕುಳಲ್ಲಿ ಮಗಳನ್ನು ಎತ್ತಿಕೊಳ್ಳಲು ಹೋಗಿ ಆಗದೆ ಗೋಡೆ ಹಿಡಿದು ನಿಂತೆ. ನಗುತ್ತಲೇ "ಯಾಕೋ ಈಚೆಗೆ ಸುಸ್ತು ಕಣೋ" ಎಂದೆ.

ಅಷ್ಟನ್ನು ಕಣ್ಣಾರೆ ಕಂಡಮೇಲೂ ನಾನು ಆಗಸ್ಟಿನಲ್ಲಿ ಮಲಯಾಕ್ಕೆ ಹೋದೆ. ಇದೊಂದೇ ಸಲ ಅಂದುಕೊಂಡೆ. ಮುಂದಿನ ವರ್ಷ ಕ್ಯಾಪ್ಟನ್ ಮಾಡುತ್ತೇವೆಂದು ಹೇಳಿದ್ದರು.

ಕ್ವಾಲಾಲಂಪುರದ ಪಂದ್ಯದಲ್ಲಿ ಎರಡೂ ಕಡೆ ಸಮವಾಗಿತ್ತು. ಇನ್ನು ಏಳೆಂಟು ನಿಮಿಷವಿತ್ತು. ಚೆಂಡು ನನ್ನ ಕಾಲಲ್ಲಿತ್ತು. "ರವಣಾ..." ಎಂದು ಕೂಗು ಬಂತು. ಈ ಸಲ ದನಿಯಲ್ಲಿ ಉಸಿರೇ ಇರಲಿಲ್ಲ. ಗುಡ್ಡ ಹತ್ತಿ ಬಂದವನ ಹಾಗೆ ಏದುತ್ತಿತ್ತು. ಎಂಟು ವರ್ಷದಲ್ಲಿ ಮೊದಲ ಸಲ ನಾನು ತಿರುಗಿ ನೋಡಿದೆ. ಹುಲ್ಲು ಮಾತ್ರ ಇತ್ತು. ಆದರೆ ಆ ಹುಲ್ಲಿನ ಒಂದು ಜಾಗ, ಎರಡು ಪಾದದಷ್ಟು ಅಗಲ, ಯಾರೋ ನಿಂತಹಾಗೆ ಅದುಮಿಕೊಂಡಿತ್ತು. ನೋಡುತ್ತಿದ್ದ ಹಾಗೆ ಅದರ ಮುಂದೆ ಇನ್ನೊಂದು ಜಾಗ ಅದುಮಿತು.

"ಬೇಡ ಕಣೋ, ಮನೇಗೋಗು!" ಎಂದು ಕಿರುಚಿ, ಚೆಂಡನ್ನು ಬಲಗಡೆಯ ಜನರೊಳಕ್ಕೆ ಒದ್ದುಬಿಟ್ಟೆ.

ಜನ ಕೂಗಿ ಗೇಲಿ ಮಾಡಿದರು. ನಾವು ಸೋತೆವು. ಕೋಚ್ ನನ್ನ ಮುಖ ನೋಡಲಿಲ್ಲ. ಕಲ್ಕತ್ತೆಗೆ ಬಂದು ಕ್ಲಬ್ಬಿಗೂ ದೇಶದ ತಂಡಕ್ಕೂ ರಾಜೀನಾಮೆ ಬರೆದುಕೊಟ್ಟು ಬೂಟುಗಳನ್ನು ಅಲ್ಲೇ ಬಿಟ್ಟು ಬಂದೆ.

ಆ ಮಧ್ಯಾಹ್ನ ನೀನು ನೂಲು ಬಿಟ್ಟು ಎದ್ದು ಹೊಸ್ತಿಲವರೆಗೂ ಹೋಗಿ, ನೀನಾಗಿಯೇ ಹಿಂತಿರುಗಿ ಕೂತೆಯಂತೆ. ಮುನಿಶಾಮಮ್ಮ ಅಕ್ಕನಿಗೆ ಹೇಳಿದ್ದಾಳೆ. "ಯಾಕೋ ಯಾರೋ ಬೈದಂಗಾಯ್ತು" ಎಂದು ನೀರು ಕೇಳಿ ಕುಡಿದೆಯಂತೆ. ಜ್ವರ ಬರಲಿಲ್ಲವಂತೆ. ಇದನ್ನು ಕೇಳಿ ಅಕ್ಕನ ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಇನ್ನು ನಿನಗೆ ಏನೂ ಆಗುವುದಿಲ್ಲ. ಹೊತ್ತುಹೊತ್ತಿಗೆ ಊಟ ಮಾಡು, ರಾಗಿ ಗಂಜಿ ಬಿಡಬೇಡ. ಮುನಿಶಾಮಮ್ಮನಿಗೆ ಅಣ್ಣನ ನಮಸ್ಕಾರ ತಿಳಿಸು. ಮಗಳು ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ.

ಎಂದೂ ನಿನ್ನವನೇ ಆದ
ರವಣ (ವೆಂಕಟರವಣಪ್ಪ)

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಐವತ್ತೊಂದರಲ್ಲಿ ನಾವಿಬ್ಬರೂ ಆಡಿದ ಚಿಂತಾಮಣಿಯ ಪಂದ್ಯ ನೋಡಲು ಮಿಲ್ಲಿನವರು ಬಂದಿದ್ದರಲ್ಲ, ಆಮೇಲೆ ಅವರಿಂದ ಒಂದು ಕಾರ್ಡು ಬಂತು. ನಿಮ್ಮ ಕೇರಿಗೆ ಟಪಾಲಿನವನು ಕಾಲಿಡುತ್ತಿರಲಿಲ್ಲ. ನಿಮ್ಮ ಕಾಗದಗಳನ್ನೆಲ್ಲ ನಮ್ಮ ಜಗಲಿಯ ಮೇಲೆ ಎಸೆದು ಹೋಗುತ್ತಿದ್ದ. ಅವರು ಕರೆದದ್ದು ಒಬ್ಬನನ್ನು, ನಿನ್ನನ್ನು. ನನ್ನನ್ನು ಕರೆದಿದ್ದಾರೆ ಎಂದು ನಿನಗೆ ಹೇಳಿದೆ. ನೀನು ಕುಣಿದಾಡಿ, ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಸ್ಟೇಷನ್ನಿಗೆ ತಂದೆ. ಮಿಲ್ಲಿನ ಗೇಟಿನಲ್ಲಿ "ನೀನೇ ಏನಯ್ಯಾ ಕೋನಪ್ಪ?" ಎಂದು ಕೇಳಿದರು. ಹೌದು ಅಂದೆ. ಹೆಸರು ತಪ್ಪಾಗಿದೆಯೆಂದು ಆಮೇಲೆ ತಿದ್ದಿಸಿಕೊಂಡೆ. ಕಾರ್ಡನ್ನು ಇದರೊಳಗೇ ಇಟ್ಟಿದ್ದೇನೆ. ಒಂದು ಮೂಲೆ ಹರಿದಿದೆ, ಆದರೆ ನಿನ್ನ ಹೆಸರು ಚೆನ್ನಾಗಿ ಕಾಣುತ್ತದೆ.