ಹದಿನೇಳನೇ ಮನೆಯ ಕುಳ್ಳಮ್ಮ

೨೧ ಜನವರಿ ೧೯೯೭, ಮಂಗಳವಾರ

ಬೆಳಿಗ್ಗೆ ಏಳರಿಂದ ಬೆರಳು ಚುಚ್ಚಿದ್ದೇ ಕೆಲಸ. ಒಂದು ವರ್ಷ ತುಂಬಿದ, ನಾಲ್ಕು ತುಂಬದ ಮಕ್ಕಳು ನಲವತ್ತೊಂದು. ಒಂದೊಂದು ಬೆರಳಿಂದ ಒಂದೊಂದು ಹನಿ, ಫಿಲ್ಟರ್ ಪೇಪರ್ ಮೇಲೆ. ಡಾಕ್ಟರ್ ರಘುನಂದನ್ ಚುಚ್ಚಿದರು, ನಾನು ಪೇಪರಿನ ಅಂಚಿಗೆ ಬರೆದೆ — ಮನೆ ನಂಬರು, ಹೆಸರು. ವಯಸ್ಸನ್ನು ಆಮೇಲೆ ಜಗಲಿಯಲ್ಲಿ ಕೂತು ರಿಜಿಸ್ಟರ್ ನೋಡಿ ತುಂಬಿದೆ.

ಪ್ರತಿ ಪೇಪರಿಗೂ ಅಂಟಿಸಿದ ಫಾರಂನಲ್ಲಿ 'ತಂದೆ/ಗಂಡನ ಹೆಸರು' ಅಂತ ಒಂದು ಕಾಲಂ. ಉದ್ದಕ್ಕೂ ಗೆರೆ ಎಳೆದೆ. ಹೆಣ್ಣಿಗೆ ಅವಳ ಹೆಸರೇ ಸಾಕು. ಮಹಿಳಾ ಸಂಘದ ಪಾಂಪ್ಲೆಟ್ ಓದಿದ್ದು ಮಡಿಸಿಡುವುದಕ್ಕಲ್ಲ. ಡಾಕ್ಟರು ನಕ್ಕು ಮುಂದಿನ ಬೆರಳು ಹಿಡಿದರು.

ಹೋಲಿಸಿ ನೋಡಲು ಅಜ್ಜಿಯರ ರಕ್ತವನ್ನೂ ತೆಗೆದೆವು. ಗಂಡಸರೆಲ್ಲ ಆಲೆಮನೆಗೆ ಹೋಗಿದ್ದರು. ಕಣ್ಣು ಕುರುಡಾಗಿಸುವ ಈ ಟ್ರಕೋಮಾ ರೋಗ ಬಂದುಹೋದ ಮೇಲೂ ರಕ್ತದಲ್ಲಿ ಪ್ರತಿಕಾಯ ಉಳಿಯುತ್ತದೆ. ಕಣ್ಣು ಮರೆತರೂ ರಕ್ತ ಮರೆಯುವುದಿಲ್ಲ. ಹಾಗಾಗಿ ಅಜ್ಜಿಯರಲ್ಲಿ ಸಿಗುವುದು ಸಹಜ. ಈಚೆಗೆ ಹುಟ್ಟಿದ ಮಕ್ಕಳಲ್ಲಿ ಸಿಕ್ಕರೆ — ರೋಗ ಇನ್ನೂ ಊರಲ್ಲಿ ಓಡಾಡುತ್ತಿದೆ ಅಂತ.

ಸಿಗಬಾರದು. ನಾಲ್ಕು ವರ್ಷ ಮನೆಮನೆ ತಿರುಗಿದ್ದೇನೆ. ಒಂದೇ ಸೆರಗಲ್ಲಿ ಎಲ್ಲ ಮಕ್ಕಳ ಕಣ್ಣು ಒರೆಸಬೇಡಿ, ನೀರಲ್ಲಿ ತೊಳೆಯಿರಿ, ತಿಪ್ಪೆ ದೂರ ಹಾಕಿ... ಇಲ್ಲಿ ಗೆದ್ದರೆ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ — ನಾಲ್ಕೂ ತಾಲ್ಲೂಕಿನಲ್ಲಿ ಇದೇ ಕೆಲಸ ಶುರು. ಸೋತರೆ ಫೈಲು ಮುಚ್ಚುತ್ತಾರೆ.

ಪಂಚಾಯ್ತಿ ಮೆಂಬರ್ ಚಲುವಯ್ಯ ನೋಡುತ್ತಾ ನಿಂತಿದ್ದರು. "ಏನಮ್ಮೀ ರಂಜಿತ, ಮಕ್ಳ ಮಕ ತೊಳ್ಸಿ ತೊಳ್ಸಿ ಬೋರ್‌ವೆಲ್ ಒಣಗ್ಸ್‌ಬುಟ್ಟೆ. ಈಗ ರಕ್ತಕ್ಕೂ ಬಂದ್ಯಾ?"

"ನಿಮ್ ಮಕಾನೂ ಒಂದಪ ತೊಳೀರಿ ಚಲುವಣ್ಣ. ಹೆಸರಿಗೆ ಒಪ್ತದೆ."

ಹೆಂಗಸರ ನಗು ಬೀದಿ ಕೊನೆಯವರೆಗೆ ಕೇಳಿತು.

೧೩ ಫೆಬ್ರವರಿ

ಮೂರು. ನಲವತ್ತೊಂದರಲ್ಲಿ ಮೂರು ಪಾಸಿಟಿವ್.

ಮೂರೂ ಹೆಣ್ಣುಮಕ್ಕಳು. "ರಿಸಲ್ಟು ರಿಸಲ್ಟೇ ರಂಜಿತ. ರೋಗ ನಿಂತಿಲ್ಲ. ಊರಿಗೆಲ್ಲ ಮತ್ತೆ ಆರು ವಾರ ಮುಲಾಮು ಹಾಕಬೇಕು. ಮುಖ ತೊಳೆಸೋದನ್ನ ಬೇರೆ ಕಡೆ ಶುರು ಮಾಡಿ ಅಂತ ನಾನೀಗ ಹೇಗೆ ಬರೀಲಿ?" ಅಂದರು ಡಾಕ್ಟರು. ಪಟ್ಟಿ ಇಸಿದುಕೊಂಡು ಬಂದೆ.

೧೫ ಫೆಬ್ರವರಿ, ಮಧ್ಯಾಹ್ನ

ಇಷ್ಟು ಹೇಳಿಯೂ ಮಗುವಿನ ಮುಖ ತೊಳೆಸಲಿಲ್ಲವಾ ಅಂತ ಜಗಳಕ್ಕೇ ಹೋದೆ. ಮೂರರಲ್ಲಿ ಒಂದು ಹದಿನೇಳನೇ ಮನೆಯದು. ಮಗುವಿನ ತಾಯಿ ಪುಟ್ಟತಾಯಮ್ಮ ರಾಗಿ ಕೇರುತ್ತಿದ್ದಳು.

"ಕುಳ್ಳಮ್ಮ ಎಲ್ಲಿ?" ಅಂದೆ, ಗಟ್ಟಿಯಾಗಿ.

ಅವಳು ಮೊರ ಕೆಳಗಿಟ್ಟಳು. "ಮೆಲ್ಲುಕ್ಕೆ ಕಣವ್ವ. ಯಾರ್ನ ಕೇಳ್ತಿದ್ದೀಯಾ? ಚಿನ್ನುನಾ, ನಮ್ಮತ್ತೇನಾ?"

"ಮಗೂನ."

"ಅಂಗಂದ್ರೆ ಚಿನ್ನು ಅನ್ನು. ಕೂಸ್ಗೆ ನಮ್ಮತ್ತೆ ಎಸ್ರೇ ಇಟ್ಬುಟ್ಟವ್ರೆ, ನಾನು ಬಾಯ್ತುಂಬ ಕೂಗಕ್ಕಾದದಾ?"

ಒಳಗಿಂದ ಅಜ್ಜಿ ಬಂದಳು. ರೆಪ್ಪೆಯ ಕೂದಲು ಒಳಕ್ಕೆ ತಿರುಗಿ ಕಣ್ಣಲ್ಲಿ ಸದಾ ನೀರು. ಊರಲ್ಲಿ ಟ್ರಕೋಮಾಕ್ಕೆ ಅವಳಿಗಿಂತ ದೊಡ್ಡ ಸಾಕ್ಷಿ ಇಲ್ಲ. "ಯಾರಮ್ಮಿ ನನ್ ಕೂಗಿದ್ದು?"

ಮನೆಗೆ ಓಡಿದೆ. ಪಟ್ಟಿ ತೆಗೆದೆ. ಮನೆ ೧೭, ಕುಳ್ಳಮ್ಮ, ೩ ವರ್ಷ — ಪಾಸಿಟಿವ್. ಮನೆ ೧೭, ಕುಳ್ಳಮ್ಮ, ೬೨ ವರ್ಷ — ನೆಗೆಟಿವ್.

ಆ ಕಣ್ಣಿಟ್ಟುಕೊಂಡು ನೆಗೆಟಿವ್!

ಉಳಿದ ಎರಡು ಮನೆಗಳೂ ಹಾಗೇ. ಚಿಕ್ಕಬೋರಮ್ಮ, ಮೊಮ್ಮಗಳೂ ಚಿಕ್ಕಬೋರಮ್ಮ. ಸಿದ್ದಲಿಂಗಮ್ಮ, ಮೊಮ್ಮಗಳೂ ಸಿದ್ದಲಿಂಗಮ್ಮ. ಒಂದೇ ಮನೆ, ಒಂದೇ ಹೆಸರು, ಎರಡೆರಡು ಪೇಪರು. ಯಾವುದಕ್ಕೆ ಯಾವ ವಯಸ್ಸು ಬರೆದೆನೋ. ಆ ಕಾಲಂ ತುಂಬಿದ್ದರೆ ಒಂದರ ಮೇಲೆ ಅಪ್ಪನ ಹೆಸರು, ಇನ್ನೊಂದರ ಮೇಲೆ ಗಂಡನ ಹೆಸರು — ಬೇರೆ ಬೇರೆ ಇರುತ್ತಿತ್ತು. ಗೆರೆ ಎಳೆದವಳು ನಾನು.

ಖುಷಿಗೆ ಕುಣಿಯಲೋ, ತಲೆ ಚಚ್ಚಿಕೊಳ್ಳಲೋ...

೧೭ ಫೆಬ್ರವರಿ

ಸಿಂಧಘಟ್ಟದವರೆಗೆ ನಡೆದು, ಅಲ್ಲಿಂದ ಬಸ್ಸಲ್ಲಿ ಕೆ.ಆರ್. ಪೇಟೆಗೆ, ಡಾಕ್ಟರ ಹತ್ತಿರ. ಲ್ಯಾಬ್ ತಪ್ಪು ಅನ್ನಬಹುದಿತ್ತು, ನಂಬುತ್ತಿದ್ದರು. ತಪ್ಪು ನನ್ನದು ಅಂದೆ. ನಿಂತುಕೊಂಡೇ.

ಡಾಕ್ಟರು ಪಟ್ಟಿಯನ್ನು ಎರಡು ಸಲ ಓದಿದರು. "ಊಹೆ ಮೇಲೆ ಅದಲುಬದಲು ಮಾಡೋ ಹಾಗಿಲ್ಲ. ಮತ್ತೆ ಚುಚ್ಚಬೇಕು. ಆಗಲೂ ಮಕ್ಕಳದ್ದೇ ಪಾಸಿಟಿವ್ ಬಂದರೆ?"

"ಮುಲಾಮು ಟ್ಯೂಬು ನಾನೇ ಹೊರುತ್ತೇನೆ ಸಾರ್."

೧೮ ಫೆಬ್ರವರಿ

ಕುಳ್ಳಮ್ಮಜ್ಜಿ ಬಾಗಿಲಿಗೆ ಅಡ್ಡ ಕೂತಳು. "ನನ್ ಬೆಳ್ಳ ಎಷ್ಟಾರ ಚುಚ್ಕೊ. ಕೂಸಿನ್ ಬೆಳ್ಳ ಇನ್ನೊಂದ್ ಕಿತ ಯಾಕಮ್ಮಿ?"

"ನಾನ್ ಬರ್ಯೋದ್ರಲ್ಲಿ ತಪ್ಪು ಮಾಡ್ದೆ ಅಜ್ಜಿ."

"ಇಷ್ಟೊಂದ್ ಓದಿದೋಳು!" ಅಂದಳು. ಬೈದಿದ್ದಕ್ಕಿಂತ ಜಾಸ್ತಿ ತಾಗಿತು. ಆಮೇಲೆ ತಾನೇ ಚಿನ್ನುವನ್ನು ತೊಡೆ ಮೇಲೆ ಕೂರಿಸಿಕೊಂಡು ಬೆರಳು ಹಿಡಿದುಕೊಟ್ಟಳು.

ಹೆಸರಿನ ಪಕ್ಕ ಈ ಸಲ ಇನ್ನೊಂದು ಹೆಸರು ಬರೆದೆ. ಅಪ್ಪನದಲ್ಲ. 'ಪುಟ್ಟತಾಯಮ್ಮನ ಮಗಳು.' ಬಿಟ್ಟುಕೊಟ್ಟಿಲ್ಲ ನಾನು. ವಯಸ್ಸನ್ನೂ ಅಲ್ಲೇ, ಬೆರಳು ನೋಡಿಕೊಂಡೇ ಬರೆದೆ.

೧೧ ಮಾರ್ಚ್, ಸಂಜೆ ನಾಲ್ಕು

ಸೊನ್ನೆ!

ಡಾಕ್ಟರು ಜೀಪಲ್ಲಿ ತಾವೇ ಬಂದರು. ಮೂರೂ ಅಜ್ಜಿಯರು ಪಾಸಿಟಿವ್, ಮೂರೂ ಮಕ್ಕಳು ನೆಗೆಟಿವ್. ನಲವತ್ತೊಂದು ಮಕ್ಕಳಲ್ಲಿ ಒಂದಕ್ಕೂ ಇಲ್ಲ. ಈ ನಾಲ್ಕು ವರ್ಷದಲ್ಲಿ ಹುಟ್ಟಿದ ಯಾವ ಕೂಸನ್ನೂ ಆ ರೋಗ ಮುಟ್ಟಿಲ್ಲ. ಯುಗಾದಿ ಕಳೆದ ಮೇಲೆ ನಾಲ್ಕೂ ತಾಲ್ಲೂಕಿನಲ್ಲಿ ಶುರು. ಮೊದಲು ನಾಗಮಂಗಲ. ನಾನೂ ಹೋಗಬೇಕಂತೆ.

ಚಲುವಯ್ಯ ಎರಡು ಸಲ ಕೇಳಿದರು: "ಒಂದೂ ಇಲ್ವಾ? ನಿಜ್ವಾಗ್ಲೂ?" ಆಮೇಲೆ ಜೀಪಿನ ಸುತ್ತ ಸೇರಿದ್ದವರಿಗೆಲ್ಲ ತಾವೇ ಗೆದ್ದ ಹಾಗೆ ಹೇಳತೊಡಗಿದರು. ಹೇಳಲಿ ಬಿಡು.

ನಾನು ಓಡಿದ್ದು ಹದಿನೇಳನೇ ಮನೆಗೆ. ಹೇಳಿದೆ. ಕುಳ್ಳಮ್ಮಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದೆ. ಅಜ್ಜಿ ಚಿನ್ನುವಿನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಆ ಎರಡು ಕಣ್ಣುಗಳನ್ನು ಹತ್ತಿರದಿಂದ ನೋಡಿದಳು. ಎಷ್ಟು ಕಾಣುತ್ತಿತ್ತೋ.

"ನನ್ ಎಸ್ರು ಬಂತು, ನನ್ ಕಣ್ ಬರ್ನಿಲ್ಲ" ಅಂದಳು. "ಅಷ್ಟು ಸಾಕು ಬುಡವ್ವ."

ಪುಟ್ಟತಾಯಮ್ಮ ಗೋಡೆ ಕಡೆ ತಿರುಗಿಕೊಂಡಳು. ಚಿನ್ನು ಅಜ್ಜಿಯ ಕೈಯಿಂದ ಬಿಡಿಸಿಕೊಂಡು ಬೀದಿಗೆ ಓಡಿದಳು. ಬೀದಿಯಲ್ಲಿ ಮಕ್ಕಳು ಕೂಗುತ್ತಿವೆ, ಎಲ್ಲಕ್ಕೂ ಜೀಪು ಹತ್ತಬೇಕಂತೆ, ಚಿನ್ನುವಂತೂ ಆಗಲೇ ಮುಂದಿನ ಸೀಟಿನಲ್ಲಿ —