ಚಂಪಾಷಷ್ಠಿಯ ಬದನೆ ಭರೀತ

ಯಾವಲ್, ಕಾರ್ತಿಕ ಅಮಾವಾಸ್ಯೆ

ಮಗಳು ಉಜ್ವಲೆಗೆ ಅವ್ವನ ಆಶೀರ್ವಾದ. ಖಂಡೋಬಾ ನಿನ್ನನ್ನು ಕಾಯಲಿ.

ಹೋದ ವರ್ಷದ ಷಷ್ಠಿಗೆ ಖಂಡೋಬಾನ ನೈವೇದ್ಯಕ್ಕೆ ನೀನು ಮಾಡಿದ ಸುಟ್ಟ ಬದನೆಯ ಭರೀತ ನೀರಾಗಿ, “ದೇವ್ರಿಗೆ ಸಾರು ಬಡಿಸ್ತೀಯೇನೆ?” ಎಂದು ನಿಮ್ಮತ್ತೆ ಆಡಿದ್ದನ್ನು, ಅಂದಿನಿಂದ ನಿನ್ನನ್ನು ತವರಿಗೆ ಕಳಿಸದಿರುವುದು ಅದಕ್ಕೇ ಎಂಬುದನ್ನು ಜನ ಹೇಳಿದರು. ನೈವೇದ್ಯದ ರುಚಿ ನೋಡುವಂತಿಲ್ಲವೆಂದು ಅಂಜಿ ಉಪ್ಪು ಮೊದಲೇ ಸುರಿದಿರುತ್ತೀ, ಅದಕ್ಕೇ ಬದನೆ ನೀರು ಬಿಟ್ಟಿದೆ. ಈ ಸಲ ಬದನೆಕಾಯಿಯನ್ನು ಹತ್ತಿಕಟ್ಟಿಗೆಯ ಬೆಂಕಿಯಲ್ಲಿ ಸುಡು. ಸಿಪ್ಪೆ ಸುಲಿದು ಬುಟ್ಟಿಯಲ್ಲಿ ಸೋರಲು ಬಿಡು. ಬಿಸಿ ಇರುವಾಗ ಮುಚ್ಚಬೇಡ, ಬೆವರುತ್ತದೆ. ಆಮೇಲೆ ಕುಟ್ಟು. ಉಪ್ಪು ಕಟ್ಟಕಡೆಗೆ.

ಬೀಗಿತ್ತಿಯವರೇ, ಅವಳ ಪತ್ರ ಮೊದಲು ಒಡೆಯುವವರು ನೀವೆಂದು ಬಲ್ಲೆ. ಭರೀತ ಗಟ್ಟಿಯಾದರೆ ಮಗಳನ್ನು ನಾಲ್ಕು ದಿನ ಕಳಿಸಿಕೊಡಿ.

ಆಗದಿದ್ದರೂ ಕಳಿಸಿಕೊಡಿ.

ಇಂತಿ,
ಶೇವಂತಾಬಾಯಿ